ಐ ಟ್ರಿಪಲ್ ಇ, ಎಸಿಎಂ, ಐಇಐ: ಈ ವರ್ಷವೂ ದುಡ್ಡು ಕಟ್ಟಬೇಕಾ?

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ವಾಶಿಯಿಂದ ಸಿಎಸ್‌ಎಂಟಿ ತಲುಪೋದರೊಳಗೆ ಓದಿ ಮುಗಿಸ್ತೀನಿ ಅನ್ನೋರಿಗಾಗಿ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಹಾಕಿದ್ದೀನಿ.

ವಿಷಯ ನಮ್ಮೆಲ್ಲರ ಇನ್‌ಬಾಕ್ಸಿಗೆ ವರ್ಷದ ಕೊನೆಯಲ್ಲಿ ಬರೋ ರಿನ್ಯೂವಲ್ ಮೇಲ್‌ದು. ಬಿಇ, ಎಂಟೆಕ್ ಓದುವಾಗ ಸ್ಟೂಡೆಂಟ್ ಮೆಂಬರ್ ಆಗಿದ್ವಿ, ಫೀ ಕಡಿಮೆ ಇತ್ತು, ಕಾಲೇಜಲ್ಲಿ ಬ್ರಾಂಚ್ ಇತ್ತು, ಫೆಸ್ಟ್ ಇತ್ತು. ಈಗ ಐರೋಲಿಯಲ್ಲೋ ಮಹಾಪೆಯಲ್ಲೋ ಕೆಲಸ. ವಾಶಿಯ ಬಾಡಿಗೆ, ಮಗುವಿನ ಶಾಲೆ ಫೀ, ಊರಿಗೆ ಕಳಿಸೋ ದುಡ್ಡು ಎಲ್ಲಾ ಆದ ಮೇಲೆ ಈ ಮೇಲ್ ಕಣ್ಣಿಗೆ ಬಿದ್ದರೆ ಯಾರಿಗಾದರೂ ಅನಿಸೋದೇ: ಇದರಿಂದ ನನಗೇನು ಸಿಕ್ತು?

ಮೊದಲು ಒಂದು ಮಾತು ಸ್ಪಷ್ಟ ಮಾಡಿಕೊಳ್ಳೋಣ. ನಮ್ಮ ದೇಶದಲ್ಲಿ ಇಂಜಿನಿಯರ್ ಆಗಿ ಕೆಲಸ ಮಾಡೋಕೆ ಯಾವ ಸಂಸ್ಥೆಯ ಸದಸ್ಯತ್ವವೂ ಕಡ್ಡಾಯ ಅಲ್ಲ. ವಕೀಲರಿಗೆ 1961ರ ಕಾಯ್ದೆ ಇದೆ, ಸನ್ನದು ಇಲ್ಲದೆ ಕೋರ್ಟಿನಲ್ಲಿ ವಾದ ಮಾಡೋ ಹಾಗಿಲ್ಲ. ಸಿಎಗಳಿಗೆ 1949ರದ್ದು, ಆರ್ಕಿಟೆಕ್ಟ್‌ಗಳಿಗೆ 1972ರದ್ದು. ಇಂಜಿನಿಯರಿಗೆ ಅಂಥದ್ದೇನೂ ಇಲ್ಲ. (ತಮಾಷೆ ಏನಂದ್ರೆ, ಮಹಾರಾಷ್ಟ್ರ ಸರ್ಕಾರ ನಮ್ಮ ಸಂಬಳದಿಂದ ಪ್ರೊಫೆಷನ್ ಟ್ಯಾಕ್ಸ್ ಅಂತ ತಿಂಗಳಿಗೆ 200, ಫೆಬ್ರವರಿಯಲ್ಲಿ 300, ಒಟ್ಟು ವರ್ಷಕ್ಕೆ 2,500 ರೂಪಾಯಿ ತಪ್ಪದೆ ಹಿಡಿದುಕೊಳ್ತದೆ. ಅದಕ್ಕೆ ರಿನ್ಯೂವಲ್ ಮೇಲ್ ಕೂಡ ಬರಲ್ಲ.) ಅಂದರೆ ಸದಸ್ಯತ್ವ ಬಿಟ್ಟರೆ ನಿಮ್ಮ ಕೆಲಸಕ್ಕೆ ಏನೂ ಆಗಲ್ಲ. ಇಟ್ಟುಕೊಂಡರೆ ಏನಾದರೂ ಆಗ್ತದಾ ಅನ್ನೋದೇ ಪ್ರಶ್ನೆ.

ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಇಂಡಿಯಾ, ಅಂದರೆ ಐಇಐ, 1920ರಲ್ಲಿ ಹುಟ್ಟಿದ್ದು, 1935ರಲ್ಲಿ ರಾಯಲ್ ಚಾರ್ಟರ್ ಪಡೆದದ್ದು. ಪ್ರಧಾನ ಕಚೇರಿ ಕೋಲ್ಕತ್ತಾದಲ್ಲಿ. ನಮ್ಮ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬ ಸೆಪ್ಟೆಂಬರ್ 15ನ್ನು 1968ರಿಂದ ಇಂಜಿನಿಯರ್ಸ್ ಡೇ ಅಂತ ಆಚರಿಸ್ತಾ ಬಂದಿರೋದು ಇವರೇ. ಸರ್ ಎಂವಿ ಕೂಡ ನಮ್ಮ ಹಾಗೆ ಹೊಟ್ಟೆಪಾಡಿಗೆ ಈ ಕಡೆ ಬಂದ ಕನ್ನಡಿಗರೇ, 1884ರಲ್ಲಿ ಮುಂಬೈ ಪ್ರಾಂತ್ಯದ ಪಿಡಬ್ಲ್ಯುಡಿ ಸೇರಿದವರು.

ಐಇಐನ ನಿಜವಾದ ಉಪಕಾರ ಎಎಂಐಇ ಪರೀಕ್ಷೆ. ಡಿಪ್ಲೊಮಾ ಮಾಡಿ ಕಾರ್ಖಾನೆ ಸೇರಿದವರು ಕೆಲಸ ಬಿಡದೆ, ಸೆಕ್ಷನ್ ಎ, ಸೆಕ್ಷನ್ ಬಿ ಅಂತ ಪೇಪರ್ ಮೇಲೆ ಪೇಪರ್ ಬರೆದು ಇಂಜಿನಿಯರಿಂಗ್ ಪದವಿಗೆ ಸಮಾನವಾದ ಅರ್ಹತೆ ಪಡೀತಿದ್ರು. ನಮ್ಮ ಸೋದರಮಾವ ಥಾಣೆ–ಬೇಲಾಪುರ ರಸ್ತೆಯ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ಬಂದು ರಾತ್ರಿ ಓದಿ ಪಾಸಾದವರು. ಸೂಪರ್‌ವೈಸರ್ ಆಗೇ ರಿಟೈರ್ ಆಗಬೇಕಿದ್ದವರು ಮ್ಯಾನೇಜರ್ ಆದರು. ಅವರ ಮನೆ ಹಾಲ್‌ನಲ್ಲಿ ಆ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿರೋದು ಸುಮ್ಮನೆ ಅಲ್ಲ. ಆದರೆ ನಿಮ್ಮ ತಮ್ಮನಿಗೋ ಭಾವನಿಗೋ ಈಗ ಇದೇ ದಾರಿ ಹೇಳೋ ಮೊದಲು ಒಂದು ತಾರೀಖು ನೆನಪಿಡಿ. ಈ ಸಮಾನತೆ 31 ಮೇ 2013ರವರೆಗೆ ನೋಂದಾಯಿಸಿಕೊಂಡವರಿಗೆ ಅಂತ ಕೇಂದ್ರ ಸರ್ಕಾರದ ಆದೇಶ. ಸರ್ಕಾರಿ ನೇಮಕಾತಿಯಲ್ಲಿ ಇದು ಮುಖ್ಯ ಆಗ್ತದೆ.

ಇನ್ನೊಂದು, ಚಾರ್ಟರ್ಡ್ ಇಂಜಿನಿಯರ್. ನಮ್ಮ ಪಕ್ಕದ ನ್ಹಾವಾ ಶೇವಾ ಬಂದರಿಗೆ ಹೊರದೇಶದಿಂದ ಸೆಕೆಂಡ್‌ಹ್ಯಾಂಡ್ ಮೆಷಿನ್ ಬಂತು ಅಂದ್ರೆ, ಅದರ ವಯಸ್ಸು, ಬೆಲೆ ಇಷ್ಟು ಅಂತ ಹೇಳೋ ಚಾರ್ಟರ್ಡ್ ಇಂಜಿನಿಯರ್ ಸರ್ಟಿಫಿಕೇಟ್ ಕಸ್ಟಮ್ಸ್‌ನವರು ಕೇಳ್ತಾರೆ. ಮೆಕ್ಯಾನಿಕಲ್ ಓದಿದವರಿಗೆ ಅದರಲ್ಲಿ ನಿಜವಾದ ಸಂಪಾದನೆ ಇದೆ. ಜಾವಾ ಬರೆಯೋ ನಮಗೆ ಆ ಸೀಲಿನಿಂದ ಆಗಬೇಕಾದ್ದು ಏನೂ ಇಲ್ಲ.

ಈಗ ನಮ್ಮ ಲೈನಿಗೆ ಬರೋಣ. ಐ ಟ್ರಿಪಲ್ ಇ 1963ರಲ್ಲಿ ಎರಡು ಹಳೆ ಸಂಸ್ಥೆಗಳು ಒಂದಾಗಿ ಆದದ್ದು. ವೈಫೈ ಹಿಂದಿನ 802.11 ಇವರದೇ. ಎಷ್ಟೋ ಜನ ಮೆಂಬರ್ ಆದರೆ ಎಕ್ಸ್‌ಪ್ಲೋರ್‌ನಲ್ಲಿರೋ ಪೇಪರ್‌ಗಳೆಲ್ಲ ಓದೋಕೆ ಸಿಗ್ತಾವೆ ಅಂದುಕೊಂಡಿರ್ತಾರೆ. ಸಿಗಲ್ಲ. ಮೂಲ ಫೀಗೆ ಸ್ಪೆಕ್ಟ್ರಮ್ ಪತ್ರಿಕೆ ಬರ್ತದೆ, ಕಾನ್ಫರೆನ್ಸಿನಲ್ಲಿ ರಿಯಾಯಿತಿ ಸಿಗ್ತದೆ. ಪೂರ್ತಿ ಪೇಪರಿಗೆ ಬೇರೆ ಚಂದಾ. 1947ರ ಎಸಿಎಂ ಕಥೆ ಬೇರೆ: 2022ರಲ್ಲಿ 1951ರಿಂದ 2000ದವರೆಗಿನ ಪೇಪರ್‌ಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟರು, 2026ರ ಜನವರಿಯಿಂದ ತಮ್ಮ ಪ್ರಕಟಣೆಗಳನ್ನೆಲ್ಲ ಮುಕ್ತವಾಗಿ ಓದೋ ಪದ್ಧತಿಗೆ ತಂದರು. ಹಾಗಾಗಿ ಬರೀ ಓದೋದಕ್ಕೆ ಅಂತ ಎಸಿಎಂಗೆ ದುಡ್ಡು ಕಟ್ಟೋ ಕಾರಣ ಉಳಿದಿಲ್ಲ. 2025ರಲ್ಲಿ ಶುರುವಾದ ಕೇಂದ್ರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಸರ್ಕಾರಿ ಕಾಲೇಜು, ಸಂಶೋಧನಾ ಸಂಸ್ಥೆಗಳಿಗೆ. ಮೈಂಡ್‌ಸ್ಪೇಸಿನಲ್ಲಿ ಕೂತಿರೋ ನಮಗಲ್ಲ.

ರೆಸ್ಯೂಮೆ ವಿಷಯ. ನಾನು ಇಂಟರ್‌ವ್ಯೂ ಪ್ಯಾನೆಲ್ಲಿನಲ್ಲಿ ಕೂತಷ್ಟು ಸಲವೂ 'ಮೆಂಬರ್' ಅನ್ನೋ ಸಾಲು ನೋಡಿ ಯಾರೂ ಒಂದು ಪ್ರಶ್ನೆ ಕೇಳಿದ್ದು ಕಂಡಿಲ್ಲ. ಕ್ಲೌಡ್ ಸರ್ಟಿಫಿಕೇಷನ್ ಇದ್ದರೆ ಕೇಳ್ತಾರೆ.

ಅಮೆರಿಕದ ಇಬಿ-1ಎ ಕನಸಿರೋರು ಇಲ್ಲಿ ಗಮನ ಕೊಡಿ. ಆ ಅರ್ಜಿಯ 10 ಮಾನದಂಡಗಳಲ್ಲಿ ಮೂರನ್ನಾದರೂ ತೋರಿಸಬೇಕು, ಅದರಲ್ಲಿ ಸದಸ್ಯತ್ವವೂ ಒಂದು. ಆದರೆ ಫೀ ಕಟ್ಟಿದ್ದಕ್ಕೆ, ಇಲ್ಲಾ ಇಷ್ಟು ವರ್ಷದ ಅನುಭವ ಇದೆ ಅನ್ನೋದಕ್ಕೆ ಮಾತ್ರ ಸಿಕ್ಕ ಸದಸ್ಯತ್ವ ಲೆಕ್ಕಕ್ಕಿಲ್ಲ. ಅಲ್ಲಿನ ವಲಸೆ ಇಲಾಖೆ ಉದಾಹರಣೆಯಾಗಿ ಹೆಸರಿಸೋದು ಐ ಟ್ರಿಪಲ್ ಇ ಫೆಲೋ ದರ್ಜೆಯನ್ನ, ಅದು ವರ್ಷಕ್ಕೆ ಮತದಾನದ ಹಕ್ಕಿರೋ ಸದಸ್ಯರಲ್ಲಿ ಶೇ. 0.1ಕ್ಕಿಂತ ಹೆಚ್ಚು ಜನರಿಗೆ ಸಿಗಲ್ಲ. 'ಈ ಸದಸ್ಯತ್ವ ತಗೊಳ್ಳಿ, ಗ್ರೀನ್ ಕಾರ್ಡ್ ಗ್ಯಾರಂಟಿ' ಅನ್ನೋ ಏಜೆಂಟರ ಮಾತಿಗೆ ಕಿವಿ ಕೊಡಬೇಡಿ.

ಹಾಗಾದ್ರೆ ಬಿಟ್ಟೇಬಿಡೋದಾ? ಒಂದು ಲೆಕ್ಕ ಹಾಕಿ ಬಿಡಿ. ಸೀನಿಯರ್ ಮೆಂಬರ್ ದರ್ಜೆಗೆ 10 ವರ್ಷದ ವೃತ್ತಿ ಅನುಭವ ಬೇಕು, ಅದರಲ್ಲಿ ಐದು ವರ್ಷ ಗಮನಾರ್ಹ ಕೆಲಸ ಮಾಡಿರಬೇಕು. ಬಿಇಗೆ 3 ವರ್ಷ, ಜೊತೆಗೆ ಎಂಟೆಕ್ ಇದ್ದರೆ ಒಟ್ಟು 4 ವರ್ಷ ಓದಿನಿಂದಲೇ ಸೇರ್ತದೆ. ಅಂದರೆ ಎಂಟೆಕ್ ಮಾಡಿದವರಿಗೆ ಆರು ವರ್ಷದ ಕೆಲಸ ಸಾಕು. ಹೆಚ್ಚಿನ ಫೀ ಇಲ್ಲ. ಆದರೆ ಸೀನಿಯರ್ ಅಥವಾ ಫೆಲೋ ಆಗಿರೋ ಮೂರು ಜನ ನಿಮ್ಮ ಪರವಾಗಿ ಬರೆದುಕೊಡಬೇಕು.

ವಿಷಯ ಇರೋದು ಆ ಮೂರು ಜನರಲ್ಲೇ ಅಂತ ನನಗನಿಸೋದು. ನಿಮ್ಮ ಕಂಪನಿಯ ಹೊರಗೆ, ನಿಮ್ಮ ಕೆಲಸ ನೋಡಿ ಗೊತ್ತಿರೋ ಮೂರು ಜನ ಇದ್ದಾರಾ? ಕೋಪರಖೈರಣೆಯಲ್ಲಿರೋ ನನ್ನ ಗೆಳೆಯನೊಬ್ಬನಿಗೆ 38ನೇ ವಯಸ್ಸಿಗೆ ಲೇಆಫ್ ಆಯ್ತು. ಐಡಿ ಕಾರ್ಡು, ಲ್ಯಾಪ್‌ಟಾಪು ವಾಪಸ್ ಕೊಟ್ಟು ಬಂದ ಸಂಜೆ ಫೋನಿನಲ್ಲಿ ನಂಬರ್ ಹುಡುಕಿದರೆ, ಇದ್ದವರೆಲ್ಲ ಅದೇ ಆಫೀಸಿನವರು. ಅರ್ಧ ಜನಕ್ಕೆ ಅದೇ ದಿನ ಅದೇ ಮೇಲ್ ಬಂದಿತ್ತು. ಕೊನೆಗೆ ಕೆಲಸದ ಸುಳಿವು ಕೊಟ್ಟದ್ದು, ಎರಡು ವರ್ಷ ಹಿಂದೆ ಒಂದು ಕಾನ್ಫರೆನ್ಸಿನಲ್ಲಿ ಅವನ ಜೊತೆ ವಾಲಂಟಿಯರ್ ಆಗಿದ್ದ ಪ್ರೊಫೆಸರ್. ಕಾರ್ಡು ಅವನಿಗೆ ಕೆಲಸ ಕೊಡಿಸಲಿಲ್ಲ, ಅಲ್ಲಿ ಹೋಗಿ ಕುರ್ಚಿ ಹಾಕಿದ್ದು ಕೊಡಿಸ್ತು.

ಹೋಗೋದು ಸುಲಭ ಅಂತಲ್ಲ. ಐಇಐನ ಮಹಾರಾಷ್ಟ್ರ ಕೇಂದ್ರ ಇರೋದು ಹಾಜಿ ಅಲಿ ಹತ್ತಿರ. ವಾಶಿಯಿಂದ ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿಂದ ದಾದರ್, ಮತ್ತೆ ವೆಸ್ಟರ್ನ್ ಹಿಡಿದು ಮಹಾಲಕ್ಷ್ಮಿ. ಸಂಜೆ ಆರರ ಗದ್ದಲದಲ್ಲಿ ಲೆಕ್ಚರಿಗೆ ಹೋಗಿ ಬಂದು ನೋಡಿ, ನಾನ್ಯಾಕೆ ಹೇಳ್ತಿದ್ದೀನಿ ಅಂತ ಗೊತ್ತಾಗ್ತದೆ. ಡೊಂಬಿವಲಿ, ಕಲ್ಯಾಣದವರ ಪಾಡು ಇನ್ನೂ ದೂರ.

ಅದಕ್ಕೇ ನಾನು ಈ ವರ್ಷ ಐ ಟ್ರಿಪಲ್ ಇ ಒಂದನ್ನೇ ಉಳಿಸಿಕೊಂಡಿದ್ದೀನಿ, ಎಸಿಎಂ ಬಿಟ್ಟಿದ್ದೀನಿ. ಇಲ್ಲೇ ನವಿ ಮುಂಬೈನ ಒಂದು ಕಾಲೇಜಿನ ಸ್ಟೂಡೆಂಟ್ ಬ್ರಾಂಚಿಗೆ ಎರಡು ತಿಂಗಳಿಗೊಮ್ಮೆ ಶನಿವಾರ ಹೋಗಿ ಹುಡುಗರ ಪ್ರಾಜೆಕ್ಟ್ ನೋಡ್ತೀನಿ. ಅದು ನಿಂತರೆ ಫೀನೂ ನಿಲ್ಲಿಸ್ತೀನಿ. ನೀವು ಕಟ್ಟೋ ಮುಂಚೆ ಹೋದ 12 ತಿಂಗಳಲ್ಲಿ ಎಷ್ಟು ಸಲ ಹೋದ್ರಿ ಅಂತ ಕ್ಯಾಲೆಂಡರ್ ತೆಗೆದು ನೋಡಿ. ಸೊನ್ನೆ ಬಂದರೆ, ಜೊತೆಗೆ ಸೀನಿಯರ್ ಆಗೋ ವರ್ಷಗಳೂ ಇನ್ನೂ ದೂರ ಇದ್ದರೆ, ಮೇಲ್ ಆರ್ಕೈವ್ ಮಾಡಿ. ಸದಸ್ಯತ್ವ ಮತ್ತೆ ಬೇಕಾದಾಗ ಸಿಗ್ತದೆ.