ಮುತ್ತಜ್ಜಿಯ ಹೆಸರು ಜನಗಣತಿಯಲ್ಲಿ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಮುತ್ತಜ್ಜಿ ಚಳ್ಳಕೆರೆ ತಾಲ್ಲೂಕಿನ ತಳಕಿನವರು. ಹಳೆಯ ಜನಗಣತಿಯಲ್ಲಿ ಅವರನ್ನು ಹುಡುಕಬಹುದೇ?

ಉತ್ತರ: ಆಗದು. ಮೈಸೂರು ಸೀಮೆಯಲ್ಲಿ 1871ರಲ್ಲೇ ಜನಗಣತಿ ನಡೆದರೂ ಅಚ್ಚಾದ ವರದಿಗಳಲ್ಲಿರುವುದು ಒಟ್ಟು ಲೆಕ್ಕಗಳು. 1948ರ ಕಾಯ್ದೆಯಂತೆ ಮನೆಮನೆಯ ವಿವರ ಗೋಪ್ಯ. ಬ್ರಿಟನ್ನಿನಲ್ಲಾದರೋ ನೂರು ವರ್ಷ ಕಳೆದರೆ ತೆರೆದಿಡುತ್ತಾರೆ. ಅಲ್ಲಿನ 1921ರ ಗಣತಿ 2022ರಲ್ಲಿ ಹೊರಬಂತು. ನಮಗೂ ಆ ಭಾಗ್ಯ ಬೇಕಿತ್ತು.

ಆದರೆ ನಿರಾಶರಾಗಬೇಡಿ. ಮೊದಲು ಮನೆಯ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ವಿಭಾಗಪತ್ರಗಳನ್ನು ನೋಡಿ, ಆಮೇಲೆ ಚಳ್ಳಕೆರೆಯ ಉಪನೋಂದಣಿ ಕಚೇರಿಯಲ್ಲಿ ವಿಚಾರಿಸಿ. 1933ರಲ್ಲಿ ಮೈಸೂರು ಸಂಸ್ಥಾನ ಹಿಂದೂ ಸ್ತ್ರೀಯರ ಆಸ್ತಿಹಕ್ಕಿಗೆ ಕಾನೂನು ತಂದಿತು. ಹಾಗಾಗಿ ನಂತರದ ಪತ್ರಗಳನ್ನು ವಿಶೇಷ ಗಮನವಿಟ್ಟು ಓದಿ. ಗಂಡನ ಹೆಸರಿನ ಹಿಂದೆ ‘ಕೋಂ’ ಎಂದಿದ್ದರೆ, ಅದಕ್ಕೂ ಮೊದಲಿರುವ ಹೆಸರೇ ನಿಮ್ಮ ಮುತ್ತಜ್ಜಿಯದು. ವಂಶಾವಳಿ ಹೇಳುವ ಹೆಳವರು ನಿಮ್ಮ ಮನೆತನಕ್ಕಿದ್ದರೆ ಅವರನ್ನೂ ತಪ್ಪದೆ ಕೇಳಿ.