ಮನಸ್ಸಿನ ಗುಟ್ಟು ಯಾರ ಅಮಾನತ್?



ಕೆಲವು ದಿನಗಳ ಹಿಂದೆ ಇಶಾ ನಮಾಝ್ ಮುಗಿದ ಮೇಲೂ ಒಬ್ಬ ಯುವಕ ಮಸೀದಿಯಲ್ಲೇ ಕುಳಿತಿದ್ದ. ವಿಚಾರಿಸಿದೆ. ತಿಂಗಳುಗಳಿಂದ ಸರಿಯಾಗಿ ನಿದ್ದೆಯಿಲ್ಲ, ರಾತ್ರಿಯೆಲ್ಲ ಮೊಬೈಲಿನ ಚಾಟ್‌ಬಾಟ್ ಬಳಿ ಕಷ್ಟ ಹೇಳಿಕೊಳ್ಳುತ್ತೇನೆ ಎಂದ. "ಉಸ್ತಾದರೇ, ಅದು ಬಯ್ಯುವುದಿಲ್ಲ, ಊರಿಗೆಲ್ಲ ಹೇಳುವುದೂ ಇಲ್ಲ" ಎಂದ. ನಾವು ಬಯ್ಯುತ್ತೇವೆ, ಊರಿಗೆಲ್ಲ ಹೇಳುತ್ತೇವೆ ಎಂದೇ ಅದರ ಅರ್ಥವಲ್ಲವೇ?

ಚಾಟ್‌ಬಾಟ್‌ನಿಂದ ಪ್ರಯೋಜನವೇ ಇಲ್ಲ ಎನ್ನಲಾಗದು. ಅಮೆರಿಕದ ಡಾರ್ಟ್‌ಮತ್ ಸಂಶೋಧಕರು 'ಥೆರಾಬಾಟ್' ಎಂಬ ಚಾಟ್‌ಬಾಟನ್ನು 210 ಮಂದಿಯ ಅಧ್ಯಯನದಲ್ಲಿ ಪರೀಕ್ಷಿಸಿ, 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಅದನ್ನು ಬಳಸಿದ ಖಿನ್ನತೆಯ ರೋಗಿಗಳಲ್ಲಿ ಲಕ್ಷಣಗಳು ಸರಾಸರಿ ಶೇ. 51ರಷ್ಟು ಇಳಿದವು. ಆದರೆ ಅದು ಚಿಕಿತ್ಸೆಗೆಂದೇ ತಜ್ಞರು ರೂಪಿಸಿದ್ದು. ಅಪಾಯ ಕಂಡರೆ ನಡುವೆ ಬರಲು ಮನುಷ್ಯರೂ ಕಾವಲಿದ್ದರು. ನಮ್ಮ ಮಕ್ಕಳ ಕೈಯಲ್ಲಿರುವ ಸಾಮಾನ್ಯ ಚಾಟ್‌ಬಾಟ್‌ಗೆ ಅಂಥ ಕಾವಲು ಎಲ್ಲಿದೆ?

ಕಾವಲಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. ತೆಳ್ಳಗಾಗುವ ಗೀಳಿನಿಂದ ಊಟ ಬಿಡುವ ಕಾಯಿಲೆಯವರ ನೆರವಿಗೆ ಅಮೆರಿಕದ ಸಂಸ್ಥೆಯೊಂದು 'ಟೆಸ್ಸಾ' ಎಂಬ ಚಾಟ್‌ಬಾಟ್ ಇಟ್ಟಿತ್ತು. ಅದು ತೂಕ ಇಳಿಸುವ ಸಲಹೆಯನ್ನೇ ಕೊಡತೊಡಗಿತು. 2023ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಇನ್ನೊಂದು ಅಪಾಯವಿದೆ. ಯಂತ್ರವು ಹೆಚ್ಚಾಗಿ ನಮ್ಮ ಮಾತಿಗೇ ತಲೆಯಾಡಿಸುತ್ತದೆ. "ನಾನು ಯಾರಿಗೂ ಬೇಡ" ಎಂದವನಿಗೆ ಬೇಕಾದದ್ದು ತಲೆಯಾಡಿಸುವವನಲ್ಲ, ಬಂದು ಪಕ್ಕದಲ್ಲಿ ಕೂರುವವನು. ಗುಟ್ಟಿನ ಮಾತೂ ಅಷ್ಟೆ. ರೋಗಿಯ ಮಾತನ್ನು ಗುಟ್ಟಾಗಿಡಲು 2017ರ ಮಾನಸಿಕ ಆರೋಗ್ಯ ಕಾಯ್ದೆ ವೈದ್ಯರನ್ನು ಬಾಧ್ಯರನ್ನಾಗಿಸಿದೆ. ಚಾಟ್‌ಬಾಟ್‌ಗೆ ಹೇಳಿದ ಮಾತು ಕಂಪೆನಿಯ ಕಂಪ್ಯೂಟರಿಗೆ ಹೋಗುತ್ತದೆ.

ಹಾಗಾದರೆ ಏನು ಮಾಡಬೇಕು? ಮನಸ್ಸಿನ ಭಾರವನ್ನು ಬರೆದು ಇಳಿಸಿಕೊಳ್ಳಲು, ಉಸಿರಾಟದ ಅಭ್ಯಾಸ ಕೇಳಿ ತಿಳಿಯಲು ಅದನ್ನು ಬಳಸಬಹುದು. ಔಷಧ ನಿಲ್ಲಿಸಲೇ, ಹೆಚ್ಚಿಸಲೇ ಎಂದು ಅದನ್ನು ಕೇಳಬೇಡಿ. ಸಾಯುವ ಯೋಚನೆ ಬಂದರೆ ಬೆಳಗಾಗುವ ತನಕ ಕಾಯದೆ ಮನೆಯವರನ್ನು ಎಬ್ಬಿಸಿ. ಇಲ್ಲವೇ ಸರಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಅದು ಉಚಿತ, ದಿನದ 24 ಗಂಟೆಯೂ ಇದೆ, ಕನ್ನಡದಲ್ಲೂ ಮಾತನಾಡಬಹುದು.

ಹೆತ್ತವರೇ, ಮನಸ್ಸಿನ ಕಾಯಿಲೆ ಈಮಾನಿನ ಕೊರತೆಯಲ್ಲ. ಕಾಯಿಲೆಗೆ ಚಿಕಿತ್ಸೆ ಪಡೆಯಿರಿ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ಮಗ ಬಾಯಿ ಬಿಟ್ಟಾಗ "ನಮಾಝ್ ಸರಿಯಾಗಿ ಮಾಡು, ಎಲ್ಲ ಸರಿಹೋಗುತ್ತದೆ" ಎಂದು ಮಾತು ಮುಗಿಸಬೇಡಿ. ಅವನು ಹೇಳಿದ್ದು ನಿಮ್ಮ ಬಳಿ ಇಟ್ಟ ಅಮಾನತ್. ಅದನ್ನು ನೆಂಟರ ಮನೆಗೆ ಹೊತ್ತೊಯ್ಯಬೇಡಿ.

ಆ ಯುವಕನ ಜೊತೆ ನಾನೇ ವೈದ್ಯರಲ್ಲಿಗೆ ಹೋದೆ. ಈಗ ಚಿಕಿತ್ಸೆ ನಡೆಯುತ್ತಿದೆ. ಅಲ್ಲಾಹನು ಅವನಿಗೂ ಎಲ್ಲ ರೋಗಿಗಳಿಗೂ ಶಿಫಾ ಕೊಡಲಿ, ಕೇಳುವ ಕಿವಿಯನ್ನು ನಮಗೆ ಕರುಣಿಸಲಿ. ಆಮೀನ್.