ಅಜ್ಜಿಗೊಂದು ಚೀಟಿ

ಪುಟ್ಟ ತಂಗಿಗೆ ಭೇದಿ ಶುರುವಾಗಿದೆ, ನೀವು ಶಾಲೆಗೆ ಹೊರಡಬೇಕು ಅಂತ ಇಟ್ಟುಕೊಳ್ಳಿ. ಅಜ್ಜಿಗೆ ಚೀಟಿ ಬರೆದಿಡುತ್ತೀರಿ: "ನೀರಿಗೆ ಸಕ್ಕರೆ, ಉಪ್ಪು ಹಾಕಿ ಕುಡಿಸಿ." ಕಾಗುಣಿತ ಸರಿಯಾಗಿದೆ. ಆದರೂ ಚೀಟಿ ಅಪಾಯದ್ದು. ಎಷ್ಟು ಉಪ್ಪು? ಹೆಚ್ಚಾದರೆ ಮಗುವಿನ ರಕ್ತದಲ್ಲಿ ಸೋಡಿಯಂ ಏರುತ್ತದೆ. ಸಕ್ಕರೆ ಹೆಚ್ಚಾದರೆ ಭೇದಿಯೇ ಜೋರಾಗುತ್ತದೆ.

ಸರಿಯಾದ ಅಳತೆ: ಕುದಿಸಿ ಆರಿಸಿದ ನೀರು 1 ಲೀಟರ್, ಸಕ್ಕರೆ 6 ಟೀ ಚಮಚ, ಉಪ್ಪು ಅರ್ಧ ಟೀ ಚಮಚ. ಗುಡ್ಡೆಯಾಗಿ ತುಂಬಿದ ಚಮಚ ಅಲ್ಲ, ಸವರಿ ಮಟ್ಟ ಮಾಡಿದ್ದು. ಈ ಮಾತು ಬಿಟ್ಟರೆ ಲೆಕ್ಕವೆಲ್ಲ ಕೆಟ್ಟಿತು. ಸಕ್ಕರೆ ಯಾಕೆ ಅಂತೀರಾ? ರುಚಿಗಲ್ಲ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಸೋಡಿಯಂ ಹೀರಿಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಒಳಗೆ ಹೋಗುತ್ತದೆ.

ಈಗ ಚೀಟಿಯನ್ನು ಮತ್ತೆ ಬರೆಯಿರಿ. ಅಜ್ಜಿಯ ಕೈಗೆ ಕೊಟ್ಟು, ಅವರು ನೀರು ಕಲಸುವಾಗ ಪಕ್ಕದಲ್ಲಿ ಬಾಯಿ ಮುಚ್ಚಿ ನಿಲ್ಲಿ. (ಕಷ್ಟ ಇರೋದು ಇಲ್ಲೇ!) ಅವರು ಎಲ್ಲಿ ಕೈ ತಡೆದು ನಿಮ್ಮ ಮುಖ ನೋಡುತ್ತಾರೋ, ಅಲ್ಲೊಂದು ಪದ ಬಿಟ್ಟುಹೋಗಿದೆ. ಸೇರಿಸಿ.

ಅಂಗಡಿಯ ಓಆರ್‌ಎಸ್ ಪೊಟ್ಟಣ ಸಿಕ್ಕರೆ ಅದೇ ಮೇಲು. ಅದರ ಮೇಲಿನ ಇಂಗ್ಲಿಷನ್ನು ಅಜ್ಜಿ ಓದಲಾರರು ಅಂದ್ರೆ ಕನ್ನಡದಲ್ಲಿ ಬರೆದು ಅಂಟಿಸಿ, ನೀರಿನ ಅಳತೆ ಮೊದಲಿಗೆ. ಕೊನೆಗೆ ಎರಡು ಸಾಲು: 24 ಗಂಟೆ ಕಳೆದರೆ ಉಳಿದದ್ದನ್ನು ಚೆಲ್ಲಿ. ಮಗು ಮಂಕಾದರೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.